ಬೆಂಡಿನ ಅಂಗಿ

ಬಿರಡೆ ಎಂಬುದು ಅವಳಿಗೆ ಕಾರ್ಖಾನೆಯವರು ಇಟ್ಟ ಹೆಸರು. ಕುಳ್ಳಗೆ, ಗುಂಡಗೆ, ಎಷ್ಟು ಅದುಮಿದರೂ ಮರುಗಳಿಗೆಗೆ ಪುಟಿದು ನಿಲ್ಲುವ ಹೆಂಗಸು. ಸಾಲದ್ದಕ್ಕೆ ಮಾಡುವ ಕೆಲಸವೂ ಅದೇ. ಕಾಲುವೆಗೆ ಬೆನ್ನು ಹಾಕಿ ನಿಂತಿದ್ದ ಬೆಂಡಿನ ಕಾರ್ಖಾನೆಯಲ್ಲಿ ಅವಳದು ಬಿರಡೆ ಕೊರೆಯುವ ಯಂತ್ರ. ದೊಡ್ಡ ಹಂಡೆಯಲ್ಲಿ ಬೆಂದು ಮೆತ್ತಗಾದ ಮರದ ತೊಗಟೆ ಪಟ್ಟಿಪಟ್ಟಿಯಾಗಿ ಅವಳ ಮುಂದೆ ಬರುತ್ತಿತ್ತು. ಅವಳು ಕಾಲಿನಿಂದ ಮೆಟ್ಟಿದರೆ ಕೊಳವೆಯಂಥ ಉಳಿ ಗಿರ್ರನೆ ತಿರುಗಿ ಒಂದು ಬಿರಡೆಯನ್ನು ಬುಟ್ಟಿಗೆ ಉದುರಿಸುತ್ತಿತ್ತು. ಎಣ್ಣೆ ಸೀಸೆಗೊಂದು ಗಾತ್ರ, ಔಷಧಿ ಸೀಸೆಗೊಂದು ಗಾತ್ರ. ಉಳಿದ ಚಿಂದಿಯನ್ನು ಅರೆದು, ಅಂಟು ಬೆರೆಸಿ, ಒತ್ತಿ ಹಾಳೆ ಮಾಡುತ್ತಿದ್ದರು. ಆ ಹಾಳೆಯ ಚೂರುಪಾರು ಅವಳ ಚೀಲದಲ್ಲಿ ಮನೆಗೂ ಬರುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಕುರ್ಚಿ ಎಳೆದರೆ ಸದ್ದಿಲ್ಲ, ಬಿಸಿ ಪಾತ್ರೆ ಇಟ್ಟರೆ ಮೇಜು ಸುಡುವುದಿಲ್ಲ, ಚಪ್ಪಲಿ ಮೆಟ್ಟಿದರೆ ಹಿಮ್ಮಡಿ ನೋಯುವುದಿಲ್ಲ. ಅತ್ತೆಯ ಸೂಜಿಗಳಿಗೆ ಒಂದು ಬೆಂಡಿನ ಗಟ್ಟಿ, ಮಾವನ ಊರುಗೋಲಿನ ಹಿಡಿಗೆ ಒಂದು ಬೆಂಡಿನ ಸುತ್ತು.

ಊರುಗೋಲು ಬಂದದ್ದು ಹಿಂದಿನ ವರ್ಷ. ಅದಕ್ಕೂ ಮೊದಲು ಮಾವ ಎಂದರೆ ಊರಿನ ಈಜುಮೇಷ್ಟ್ರು. ಊರಿನ ಅರ್ಧ ಜನ ನೀರಿಗೆ ಬಿದ್ದರೆ ಸಾಯದೆ ಉಳಿಯುವುದು ಅವರ ಕೃಪೆಯಿಂದ ಎಂದು ಎಲ್ಲರೂ ಒಪ್ಪುತ್ತಿದ್ದರು. ಅವರಂತೂ ಮೊದಲೇ ಒಪ್ಪಿಬಿಟ್ಟಿದ್ದರು. ಊರಿನ ಈಜುಕೊಳದ ದಡದಲ್ಲಿ ಅವರು ಸೀಟಿ ಊದಿದರೆ ಹೊರಗೆ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳೂ ನಿಲ್ಲುತ್ತಿದ್ದವಂತೆ. ಅವರದು ಒಂದೇ ಹಟ: ಬೆಂಡು ಕಟ್ಟಿಕೊಂಡು ಬಂದವರಿಗೆ ಪಾಠವಿಲ್ಲ. ಸೊಂಟದ ಬೆಂಡನ್ನು ತಾವೇ ಬಿಚ್ಚಿ ದೂರ ಎಸೆದು, "ನೀರನ್ನ ನಂಬ್ರೋ, ಅದು ಯಾರನ್ನೂ ಕೈಬಿಡಲ್ಲ" ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಕೊಳಕ್ಕೆ ಹೋಗಿ ನೀರು ಸೀಳಿ ಬರುತ್ತಿದ್ದವರಿಗೆ ಒಂದು ದಿನ ಲಕ್ವ ಹೊಡೆಯಿತು. ಮಾತು ಬೇಗ ಸರಿಹೋಯಿತು. ಎಡಗೈ, ಎಡಗಾಲು ಮಾತ್ರ ಅರೆಮನಸ್ಸಿನ ಕೆಲಸದಾಳುಗಳ ಹಾಗೆ ಹೇಳಿದ್ದಕ್ಕೆ ಒಂದಿಷ್ಟು ಮಾಡಿ ಸುಮ್ಮನಾಗುತ್ತಿದ್ದವು.

"ನೀರಲ್ಲಿ ಕಾಲು ಆಡಿಸಿ, ತುಂಬಾ ಒಳ್ಳೇದು" ಎಂದು ಡಾಕ್ಟರಮ್ಮ ಹೇಳಿದ್ದರು. ಮೇಷ್ಟ್ರು ಮುಖ ತಿರುಗಿಸಿಕೊಂಡಿದ್ದರು. ತಾವು ಆಳಿದ ಕೊಳದೊಳಗೆ ಯಾರದೋ ಭುಜ ಹಿಡಿದು ಕುಂಟುತ್ತ ಇಳಿಯುವುದೆ? ಅತ್ತೆ ಬೇಡಿದರು, ಬೈದರು, ಊಟ ಬಿಟ್ಟರು, ಹಸಿವಾಗಿ ಮತ್ತೆ ಉಂಡರು. ಏನೂ ನಡೆಯಲಿಲ್ಲ. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡು, ಕಾಲುವೆಯಲ್ಲಿ ಹೋಗುವ ದೋಣಿಗಳ ಮೇಲೆ ಮುನಿಸಿಕೊಂಡವರ ಹಾಗೆ ಕೂತುಬಿಟ್ಟರು.

ಬಿರಡೆಗೆ ಈಜು ಬರುತ್ತಿರಲಿಲ್ಲ. ಈಜುಮೇಷ್ಟ್ರ ಮನೆಗೆ ಸೊಸೆಯಾಗಿ ಬಂದರೂ ಅವಳು ಪಾದ ಮುಳುಗುವಷ್ಟಕ್ಕಿಂತ ಹೆಚ್ಚಿನ ನೀರಿಗೆ ಇಳಿದವಳಲ್ಲ. ಆ ಬೇಸಿಗೆ ಕಾರ್ಖಾನೆಯವರು ಎಲ್ಲರನ್ನೂ ಕೆರೆಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿದರು. ಇವಳು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ದಡ ಬರುವ ತನಕ ತುಟಿ ಬಿಚ್ಚಲಿಲ್ಲ. ಜೊತೆಯವರಿಗೆ ನಗಲು ಇಷ್ಟು ಸಾಕಾಯಿತು. "ಏನೇ, ದಿನವಿಡೀ ತೇಲೋ ಸಾಮಾನು ಕೊರೀತೀಯ, ನೀನು ಮಾತ್ರ ಕಲ್ಲುಗುಂಡಾ?" ಎಂದು ಹಂಡೆಯ ಕೆಲಸದವಳು ಕೇಳಿದಾಗ ಬಿರಡೆಯೂ ಎಲ್ಲರೊಡನೆ ನಕ್ಕಳು. ಆದರೆ ಮನೆಗೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು.

ಊಟಕ್ಕೆ ಕೂತಾಗ ಹೇಳಿದಳು, "ನಾನು ಈಜು ಕಲೀತೀನಿ."

ಗಂಡ ಬಸ್ಸು ಓಡಿಸುವವನು. ಯಾವುದಕ್ಕೂ ಗಾಬರಿಯಾಗುವ ಸ್ವಭಾವವಲ್ಲ. "ಕಲಿ. ನಿಂತ್ಕೊಳ್ಳೋದು ಹೇಗೆ ಅಂತ ಮೊದಲು ಕಲಿ, ಆಮೇಲೆ ಹೋಗೋದು" ಎಂದು ಇನ್ನಷ್ಟು ಅನ್ನ ಬಡಿಸಿಕೊಂಡ.

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಿದರು. "ಯಾರು ಕಲಿಸೋದು?"

"ಕೊಳಕ್ಕೆ ಹೊಸ ಮೇಡಂ ಬಂದಿದಾರಲ್ಲ, ಅವರು."

"ಅವಳಾ? ನನ್ನ ಹತ್ರ ಕಲಿತೋಳು. ಕಾಲು ಬಡಿಯೇ ಅಂದ್ರೆ ಬಟ್ಟೆ ಒಗೆಯೋ ಹಾಗೆ ಬಡೀತಿದ್ಲು."

"ಬೆಂಡು ಕಟ್ಕೊಂಡು ಬಂದ್ರೂ ಕಲಿಸ್ತಾರಂತೆ ಮಾವ."

ಮೇಷ್ಟ್ರು ಹಾವು ತುಳಿದವರ ಹಾಗೆ ಬೆಚ್ಚಿ, ಕೈ ತೊಳೆದು ಎದ್ದುಹೋದರು. ಅತ್ತೆ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದರು, ಅಷ್ಟೆ.

ಬಿರಡೆ ಕಾರ್ಖಾನೆಯ ಚಿಂದಿಯಲ್ಲೇ ದಪ್ಪನೆಯ ತುಂಡುಗಳನ್ನು ಆರಿಸಿ, ಹಗ್ಗಕ್ಕೆ ಪೋಣಿಸಿ ಒಂದು ಸೊಂಟಪಟ್ಟಿ ಮಾಡಿಕೊಂಡಳು. ಅದನ್ನು ಮೊದಲು ಬಚ್ಚಲ ಹಂಡೆಯಲ್ಲಿ ಪರೀಕ್ಷಿಸಿದಳು. ಮನೆಯ ದೊಡ್ಡ ಸುತ್ತಿಗೆಗೆ ಪಟ್ಟಿಯನ್ನು ಸುತ್ತಿ ಬಿಟ್ಟರೆ ಸುತ್ತಿಗೆ ತಳ ಸೇರಲಿಲ್ಲ, ದೋಣಿಯ ಹಾಗೆ ತೂಗಾಡುತ್ತ ಮೇಲೆ ನಿಂತಿತು. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನೆನೆದು ನೆನೆದು ಆಮೇಲೆ ಮುಳುಗಲ್ವೇನೇ ಅದು?"

"ಇಲ್ಲ ಅತ್ತೆ. ಇದರೊಳಗೆಲ್ಲ ಸಣ್ಣ ಸಣ್ಣ ಗೂಡು. ಕಣ್ಣಿಗೆ ಕಾಣಲ್ಲ, ಅಷ್ಟು ಸಣ್ಣದು. ಒಂದೊಂದು ಗೂಡಲ್ಲೂ ಗಾಳಿ. ಬಾಗಿಲಿಲ್ಲದ ಗೂಡು; ನೀರು ಒಳಗೆ ಹೋಗೋದಾದ್ರೂ ಎಲ್ಲಿಂದ?"

"ಹಾಗಾದ್ರೆ ಎಷ್ಟು ಭಾರ ಹೊರುತ್ತೆ?"

"ತುಂಡು ಹೆಚ್ಚು ಹಾಕಿದಷ್ಟೂ ಹೊರುತ್ತೆ."

"ಒಬ್ಬ ದೊಡ್ಡಾಳನ್ನ?"

"ನನ್ನನ್ನ ಹೊತ್ತರೆ ಸಾಕು ಬಿಡಿ ಅತ್ತೆ" ಎಂದು ಬಿರಡೆ ನಕ್ಕಳು. ಅತ್ತೆ ಆ ಒದ್ದೆ ತುಂಡುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿ ಒಳಗೆ ಹೋದರು.

ಮೊದಲ ದಿನದ ಪಾಠ ಪಾಠವಾಗಲಿಲ್ಲ, ಸರ್ಕಸ್ಸಾಯಿತು. ಎದೆಮಟ್ಟದ ನೀರಿಗೆ ಇಳಿದು, ಉಸಿರು ಬಿಗಿಹಿಡಿದು, ಮೇಡಂ ಹೇಳಿದಂತೆ ಅವಳು ಮುಂದಕ್ಕೆ ಬಾಗಿದ್ದೇ ತಡ, ಸೊಂಟದ ಬೆಂಡು ತನ್ನ ಕೆಲಸ ಶುರುಮಾಡಿತು. ಸೊಂಟವನ್ನು ಎತ್ತಿತು, ಬರೀ ಸೊಂಟವನ್ನೇ ಎತ್ತಿತು. ತಲೆ ಕೆಳಗೆ, ಕಾಲು ಎಲ್ಲೋ, ಆಕಾಶ ನೋಡುತ್ತಿದ್ದದ್ದು ಅವಳ ಹಿಂಭಾಗ. ಮೇಡಂ ಹಿಡಿದು ನಿಲ್ಲಿಸಿದರು. ಇನ್ನೊಮ್ಮೆ ಬಾಗಿದಳು, ಮತ್ತೆ ಅದೇ ಗತಿ. ಮೂಗು, ಕಿವಿ, ಬಾಯಿ, ಎಲ್ಲದರಲ್ಲೂ ನೀರು. ಪಕ್ಕದಲ್ಲಿ ಕಲಿಯುತ್ತಿದ್ದ ಅಂಚೆಯಣ್ಣ ಶಿಷ್ಟಾಚಾರಕ್ಕೆ ಬೇರೆ ಕಡೆ ತಿರುಗಿಕೊಂಡು, ನಗು ತಡೆಯಲಾರದೆ ತಾನೂ ನೀರು ಕುಡಿದ.

ಮನೆಗೆ ಬಂದು, ಕೂದಲು ಒರೆಸುತ್ತ ಇದನ್ನೆಲ್ಲ ಅತ್ತೆಗೆ ಅಡುಗೆಮನೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದಾಗ, ಕಿಟಕಿಯ ಕುರ್ಚಿಯ ಕಡೆಯಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡು ಇಬ್ಬರೂ ಓಡಿದರು. ಕೆಮ್ಮಲ್ಲ. ಮೇಷ್ಟ್ರು ನಗುತ್ತಿದ್ದರು. ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಒಂದು ವರ್ಷದಿಂದ ಆ ಮನೆ ಕೇಳದ ಸದ್ದು ಅದು. ಅತ್ತೆ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, "ಈರುಳ್ಳಿ ಹೆಚ್ತಿದ್ದೆ" ಎಂದರು. ಅವರ ಕೈಯಲ್ಲಿ ಈರುಳ್ಳಿ ಇರಲಿಲ್ಲ.

"ಸೊಂಟಕ್ಕೆ ಕಟ್ಟಿದ್ರೆ ಇನ್ನೇನಾಗುತ್ತೆ, ದಡ್ಡಿ!" ಮೇಷ್ಟ್ರು ನಗು ಇಳಿದ ಮೇಲೆ ಅಂದರು. "ಒಂದು ಬಿರಡೆ ತಗೊಂಡ್ಬಾ. ಒಂದು ಪಾತ್ರೇಲಿ ನೀರು. ಸಣ್ಣ ಮೊಳೆ ಒಂದು."

ಬಂತು. ಅವರು ಬಿರಡೆಯನ್ನು ಸುಮ್ಮನೆ ನೀರಿಗೆ ಬಿಟ್ಟರು. ಅದು ಮಗ್ಗುಲಾಗಿ ಮಲಗಿ, ಮೈಯ ಬಹುಪಾಲು ಹೊರಗೇ ಇಟ್ಟುಕೊಂಡು ಸೋಮಾರಿಯ ಹಾಗೆ ತೇಲಿತು. ಬೆರಳಿಂದ ಮುಳುಗಿಸಿ ಬಿಟ್ಟರೆ ಟಪ್ಪನೆ ಮೇಲೆ ಹಾರಿತು. ಆಮೇಲೆ ಅದರ ಒಂದು ತುದಿಗೆ ಸೊಸೆಯಿಂದ ಮೊಳೆ ಚುಚ್ಚಿಸಿ ಬಿಟ್ಟರು. ಬಿರಡೆ ಎದ್ದು ನೆಟ್ಟಗೆ ನಿಂತಿತು.

"ನೋಡು. ಭಾರ ಯಾವ ಕಡೆಗೋ ಆ ಕಡೆ ಕೆಳಗೆ. ನಿನ್ನ ಕಾಲು ಮೊಳೆ. ಬೆಂಡು ಎಲ್ಲಿರ್ಬೇಕು ಹೇಳು?"

"ಮೇಲೆ. ಎದೆಗೆ."

"ಎದೆಗೂ ಬೆನ್ನಿಗೂ. ಮುಂದೆ ಸ್ವಲ್ಪ ಜಾಸ್ತಿ, ಆಗ ಮುಖ ಮೇಲಿರುತ್ತೆ. ಕಂಕುಳ ಕೆಳಗೆ ಬಿಗಿಯಾಗಿ. ಅಂಗಿ ಥರ ಹೊಲಿಸ್ಕೊ." ಅಷ್ಟು ಹೇಳಿದ ಮೇಲೆ ತಮ್ಮ ಹಳೆಯ ಹಟ ನೆನಪಾಗಿ, "ನಾನಾಗಿದ್ರೆ ಬೆಂಡೇ ಬೇಡ ಅಂತಿದ್ದೆ. ಆದ್ರೆ ನಿನ್ನ ಮೇಡಂ ಲೆಕ್ಕ ಬೇರೆ" ಎಂದು ಕಿಟಕಿಯ ಕಡೆ ತಿರುಗಿದರು. ಆದರೆ ಅಂದು ಸಂಜೆಯವರೆಗೂ ಆ ಪಾತ್ರೆ ಅವರ ಮುಂದೆಯೇ ಇತ್ತು. ಮೊಳೆಯನ್ನು ಬದಿಗೆ ಚುಚ್ಚಿದರೆ ಏನಾಗುತ್ತದೆ, ಎರಡು ಬಿರಡೆಗೆ ಒಂದು ಮೊಳೆಯಾದರೆ ಹೇಗೆ ಎಂದು ಒಂದೇ ಕೈಯಲ್ಲಿ ಏನೇನೋ ಮಾಡುತ್ತಿದ್ದರು.

ಅಂಗಿ ಹೊಲಿಯುವ ಕೆಲಸ ಅತ್ತೆಯದು. ಮದುವೆಗೆ ಮೊದಲಿನಿಂದಲೂ ಅವರು ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು. ನಡೆದು ಹೋಗುವವರನ್ನು ಕಿಟಕಿಯಿಂದ ನೋಡಿಯೇ ಅಳತೆ ಹೇಳಬಲ್ಲ ಕಣ್ಣು ಅವರದು. ಗಟ್ಟಿ ಬಟ್ಟೆಯಲ್ಲಿ ಉದ್ದುದ್ದ ಜೇಬುಗಳನ್ನು ಹೊಲಿದು, ಒಂದೊಂದು ಜೇಬಿಗೂ ಬಿರಡೆ ತಂದ ಬೆಂಡಿನ ಹಲಗೆಯೊಂದನ್ನು ತೂರಿಸಿ ಬಾಯಿ ಮುಚ್ಚಿದರು. "ಇನ್ನೂ ತಗೊಂಡ್ಬಾ", "ಇನ್ನೂ ದಪ್ಪದ್ದು ತಗೊಂಡ್ಬಾ" ಎಂದು ದಿನಾ ಬೇಡಿಕೆ. ಹಾಕಿ ನೋಡುತ್ತೇನೆ ಎಂದು ಬಿರಡೆ ಕೇಳಿದರೆ, "ಮುಗೀಲಿ ತಾಳೆ, ಅವಸರ ಏನು" ಎಂದು ಮಡಚಿ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದರು.

ಮುಗಿದ ದಿನ ಬೆಳಿಗ್ಗೆ ಅತ್ತೆ ತಾವೂ ಕೊಳಕ್ಕೆ ಬರುವುದಾಗಿ ಸಾರಿದರು. "ಹೊಲಿಗೆ ಎಲ್ಲಾದ್ರೂ ಬಿಟ್ರೆ ಅಲ್ಲೇ ಹಾಕ್ಬೇಕಲ್ಲ." ಇಬ್ಬರೂ ಹೊರಟು ಬಾಗಿಲ ತನಕ ಬಂದಾಗ ಹಿಂದೆ ಊರುಗೋಲಿನ ಸದ್ದಾಯಿತು.

"ಮೇಲೆ ಕೂತು ನೋಡ್ತೀನಿ, ಅಷ್ಟೆ" ಎಂದರು ಮೇಷ್ಟ್ರು. "ಆ ಹುಡುಗಿ ಏನು ಕಲಿಸ್ತಾಳೆ ಅಂತ."

ಗಂಡ ತನ್ನ ಪಾಳಿ ಶುರುವಾಗುವ ಮೊದಲು ಮೂವರನ್ನೂ ಕೊಳದ ಬಾಗಿಲಲ್ಲಿ ಇಳಿಸಿ ಹೋದ. ಒಳಗೆ ಬೆಳಗಿನ ಬಿಸಿಲು ಗಾಜಿನ ಮಾಡಿನಿಂದ ಇಳಿದು ನೀರಲ್ಲಿ ಕುಣಿಯುತ್ತಿತ್ತು. ಮೇಷ್ಟ್ರನ್ನು ಕಂಡ ಕೂಡಲೇ ಹೊಸ ಮೇಡಂ ಶಾಲೆಯ ಹುಡುಗಿಯ ಹಾಗೆ ಸೀಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಮೇಷ್ಟ್ರು ಬೆಂಚಿನ ಮೇಲೆ ಕೂತು, ಕೊಳದ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು, "ನೀರು ಬದಲಾಯಿಸಿ ಎಷ್ಟು ದಿನ ಆಯ್ತು?" ಎಂದು ಗದರಿದರು. ಹೇಗಾದರೂ ಶುರುಮಾಡಬೇಕಲ್ಲ.

ಬಿರಡೆ ಅಂಗಿ ಹಾಕಿಕೊಂಡಳು. ಹಾಕಿಕೊಂಡಳು ಎನ್ನುವುದಕ್ಕಿಂತ ಅದರೊಳಗೆ ಕಾಣೆಯಾದಳು ಎನ್ನಬೇಕು. ಭುಜ ಮೊಣಕೈಗೆ ಬಂದಿತ್ತು. ಅಂಚು ತೊಡೆಗೆ ಬಡಿಯುತ್ತಿತ್ತು. ಪಟ್ಟಿ ಎಷ್ಟು ಬಿಗಿದರೂ ಒಳಗೆ ಇನ್ನೊಬ್ಬಳಿಗೆ ಜಾಗವಿತ್ತು.

"ಅತ್ತೆ, ಇದು..."

"ಸ್ವಲ್ಪ ದೊಡ್ಡದಾಯ್ತೇನೋ" ಎಂದರು ಅತ್ತೆ, ಮಾಡಿನ ಗಾಜು ನೋಡುತ್ತ.

"ಪಟ್ಟಿ ಹಾಗಲ್ಲ ಕಟ್ಟೋದು!" ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. "ಮೊದಲು ಕೆಳಗಿಂದು, ಆಮೇಲೆ ಮೇಲಿಂದು. ಅಯ್ಯೋ, ಕೊಡಿಲ್ಲಿ, ತೋರಿಸ್ತೀನಿ."

ಬಿರಡೆ ಬಿಚ್ಚಿಕೊಟ್ಟ ಅಂಗಿಯೊಳಗೆ ಅವರು ಬಲಗೈ ತೂರಿಸಿದರು. ಅವರ ಎಡಗೈಯನ್ನು ಅವಳು ತೂರಿಸಿಕೊಟ್ಟಳು. ಭುಜಕ್ಕೆ ಭುಜ ಕೂತಿತು, ಎದೆಗೆ ಎದೆ ಕೂತಿತು. ಪಟ್ಟಿಗಳ ಕೊಂಡಿಗಳೆಲ್ಲ ಬಲಗಡೆಗೇ ಇದ್ದವು, ಒಂದೇ ಕೈಯಲ್ಲಿ ಎಳೆದು ಬಿಗಿಯುವ ಹಾಗೆ. ಮೇಷ್ಟ್ರು ಒಂದನ್ನು ಬಿಗಿದರು, ಎರಡನೆಯದನ್ನು ಬಿಗಿದರು. ಕೈ ಅಲ್ಲೇ ನಿಂತಿತು. ತಲೆ ಬಗ್ಗಿಸಿ ತಮ್ಮ ಎದೆಯನ್ನು ನೋಡಿಕೊಂಡರು, ಆಮೇಲೆ ಹೆಂಡತಿಯನ್ನು.

"ಇದು ಯಾರ ಅಳತೆ?"

"ನನಗೆ ಈಗೀಗ ಟೇಪು ಸರಿಯಾಗಿ ಕಾಣಲ್ಲ ರೀ."

"ಸೂಜಿಗೆ ದಾರ ಕಾಣುತ್ತೆ. ರಸ್ತೆ ಆ ಕಡೆ ಮನೆಯವರ ಅಂಗಿ ಗುಂಡಿ ಕಾಣುತ್ತೆ. ಟೇಪು ಮಾತ್ರ ಕಾಣಲ್ಲ."

ಬಿರಡೆಗೆ ಆಗ ಎಲ್ಲ ಹೊಳೆಯಿತು: ಒಬ್ಬ ದೊಡ್ಡಾಳನ್ನ ಹೊರುತ್ತಾ ಎಂದು ಅತ್ತೆ ಕೇಳಿದ್ದು, ಇನ್ನೂ ದಪ್ಪದ್ದು ತಾ ಎಂದದ್ದು. ಮೇಷ್ಟ್ರ ಮುಖ ಕೆಂಪಾಗುತ್ತಿತ್ತು. ಅವರು ಮೇಲಿನ ಕೊಂಡಿಗೆ ಕೈ ಹಾಕಿದರು, ಬಿಚ್ಚಲಿಕ್ಕೆ.

ಬಿರಡೆ ಅಷ್ಟರಲ್ಲಿ ಮೆಟ್ಟಿಲ ಮೇಲೆ, ಮೊಣಕಾಲಿನವರೆಗೆ ನೀರಲ್ಲಿ ನಿಂತಿದ್ದಳು. ಅವಳಿಗೆ ಯಾವ ಹಂಚಿಕೆಯೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಮಾವ, ಬಿಚ್ಚಬೇಡಿ. ನಂಗೆ ನಿಜವಾಗ್ಲೂ ಹೆದರಿಕೆ. ಮೊನ್ನೆ ಮುಳುಗಿದಾಗ ಜೀವ ಹೋದ ಹಾಗಾಯ್ತು, ಮನೇಲಿ ನಗಿಸೋದಕ್ಕೆ ಹಾಗೆ ಹೇಳಿದೆ ಅಷ್ಟೆ. ನೀವು ಪಕ್ಕದಲ್ಲಿದ್ರೆ ಇಳೀತೀನಿ. ಇಲ್ಲಾಂದ್ರೆ ಹೀಗೇ ಮನೆಗೆ ಬಂದ್ಬಿಡ್ತೀನಿ."

ಅವಳ ಮೊಣಕಾಲು ನಡುಗುತ್ತಿದ್ದದ್ದು ದಡಕ್ಕೂ ಕಾಣುತ್ತಿತ್ತು. ಮೇಷ್ಟ್ರು ಆ ಕಾಲನ್ನೇ ನೋಡಿದರು. ಹೆದರಿದ ಕಾಲುಗಳನ್ನು ಅವರು ಬದುಕಿಡೀ ನೋಡಿದ್ದರು. ಅವುಗಳಿಗೆ ಬೆನ್ನು ಹಾಕಿ ಹೋಗುವ ಅಭ್ಯಾಸ ಅವರಿಗಿರಲಿಲ್ಲ. ಕೊಂಡಿಯಿಂದ ಕೈ ತೆಗೆದರು. ಊರುಗೋಲನ್ನು ಹೆಂಡತಿಯ ಕಡೆ ಚಾಚಿದರು.

"ಹಿಡ್ಕೊ ಇದನ್ನ. ಏ ಹುಡುಗಿ, ಸೀಟಿ ಆಮೇಲೆ ಬಚ್ಚಿಡು, ಬಂದು ಈ ಎಡಗಡೆ ನಿಂತ್ಕೊ."

ಮೇಡಂ ಓಡಿಬಂದರು. ಒಂದೊಂದೇ ಮೆಟ್ಟಿಲು. ಬಲಗೈಯಲ್ಲಿ ಕಂಬಿ, ಎಡಗಡೆ ಮೇಡಂ, ಎದುರಿಗೆ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಬಿರಡೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಬೆಂಡಿಗೆ ನೀರು ತಾಗಿದ್ದೇ ಅಂಗಿ ಜೀವ ಬಂದ ಹಾಗೆ ಮೇಲಕ್ಕೆ ಜಿಗಿದು ಮೇಷ್ಟ್ರ ಕಿವಿಯ ತನಕ ಏರಿತು. "ಪಟ್ಟಿ! ಪಟ್ಟಿ ಬಿಗಿ!" ಎಂದು ಅಂಗಿಯೊಳಗಿಂದ ಅವರ ಸ್ವರ ಕೇಳಿತು. ಎಲ್ಲರೂ ಸೇರಿ ಎಳೆದು ಬಿಗಿದರು. ಕಿವಿ, ಗಲ್ಲ, ಕತ್ತು ಒಂದೊಂದಾಗಿ ಹೊರಗೆ ಬಂದವು.

ಆಮೇಲೆ ಮೇಷ್ಟ್ರು ಕಂಬಿ ಬಿಟ್ಟರು.

ಮುಳುಗಲಿಲ್ಲ. ಮೆಲ್ಲಗೆ ಹಿಂದಕ್ಕೆ ಒರಗಿ, ಮಾಡಿನ ಕಡೆ ಮುಖ ಮಾಡಿ ನೀರ ಮೇಲೆ ನಿಂತರು. ಬಲಗಾಲು ಎದ್ದು ಬಂತು. ಅದರ ಜೊತೆಗೇ, ಯಾರೂ ಕರೆಯದೆ, ಎಡಗಾಲೂ ಎದ್ದು ಬಂದು ಪಕ್ಕದಲ್ಲಿ ತೇಲಿತು. ಅವರು ಗದ್ದ ತಗ್ಗಿಸಿ ತಮ್ಮ ಎರಡು ಪಾದಗಳ ಹೆಬ್ಬೆರಳುಗಳನ್ನು ನೋಡಿಕೊಂಡರು.

"ಏ ಇವಳೇ!" ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದರು. "ಎರಡು ಕಾಲೂ ಒಂದೇ ಸಮ ಇದೆ ಕಣೆ! ಯಾವುದು ಕೆಟ್ಟಿದ್ದು ಅಂತಾನೇ ಗೊತ್ತಾಗ್ತಿಲ್ಲ ನೋಡೆ!"

ಅತ್ತೆ ಊರುಗೋಲನ್ನು ಎದೆಗೆ ಅವಚಿಕೊಂಡು ದಡದ ಒದ್ದೆಯಲ್ಲೇ ಕೂತುಬಿಟ್ಟರು. ಈ ಸಲ ಈರುಳ್ಳಿಯ ನೆಪವನ್ನೂ ಹುಡುಕಲಿಲ್ಲ. ಅಂಚೆಯಣ್ಣ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಉಳಿದವರೂ ತಟ್ಟಿದರು. ಮೇಷ್ಟ್ರು ಬಲಗೈಯಿಂದ ನೀರನ್ನು ಒಮ್ಮೆ ಎಳೆದರು, ಗಿರಕಿ ಹೊಡೆದರು. ಮತ್ತೆ ಎಳೆದರು, ಮತ್ತೆ ಗಿರಕಿ. ಒಂದು ಕೈಯ ದೋಣಿ ತಿರುಗುತ್ತಲೇ ಇರುತ್ತದೆ. ಅದಕ್ಕೂ ನಕ್ಕರು. ಮೂರನೆಯ ಗಿರಕಿಯಲ್ಲಿ ಎಡಗೈಯೂ ಸಣ್ಣಗೆ, ಬೆರಳು ಅಗಲಿಸಿ, ನೀರನ್ನು ತಳ್ಳಿದ್ದನ್ನು ಮೇಡಂ ನೋಡಿದರು. ಬಿರಡೆಯ ಕಡೆ ಹುಬ್ಬು ಹಾರಿಸಿದರು, ಅಷ್ಟೆ.

ಮರುದಿನದಿಂದ ಮೇಷ್ಟ್ರನ್ನು ಕಿಟಕಿಯ ಕುರ್ಚಿಯಲ್ಲಿ ಹಿಡಿದು ಕೂರಿಸುವುದೇ ಕಷ್ಟವಾಯಿತು. ಬೆಳಗಾದರೆ ಚೀಲ, ಟವಲು, ಅಂಗಿ ಎಲ್ಲ ಬಾಗಿಲಲ್ಲಿ ಸಿದ್ಧ. ಬಿರಡೆ ಏಳುವುದು ತಡವಾದರೆ ಊರುಗೋಲಿನಿಂದ ಅವಳ ಕೋಣೆಯ ಬಾಗಿಲಿಗೆ ಬಡಿತ. ಅವಳಿಗೆ ಅತ್ತೆ ಅವಳದೇ ಅಳತೆಯ ಇನ್ನೊಂದು ಪುಟ್ಟ ಅಂಗಿ ಹೊಲಿದುಕೊಟ್ಟರು. ಟೇಪು ಈ ಸಲ ಚೆನ್ನಾಗಿ ಕಂಡಿತಂತೆ. ವಾರ ವಾರ ಮೇಷ್ಟ್ರು ಅದರಿಂದ ಒಂದೊಂದು ಹಲಗೆ ತೆಗೆಸಿದರು. ಅವಳಿಗೆ ಗೊತ್ತಾಗುವ ಮೊದಲೇ ಅಂಗಿ ಖಾಲಿ ಬಟ್ಟೆಯಾಗಿತ್ತು. ತಮ್ಮ ಅಂಗಿಯಿಂದ ಮಾತ್ರ ಅವರು ಏನೂ ತೆಗೆಸಲಿಲ್ಲ. ಯಾರಾದರೂ ಹಳೆಯ ಶಿಷ್ಯರು ಬಂದು, "ಏನ್ಸಾರ್, ಬೆಂಡು ಬೇಡ ಅಂತಿದ್ರಲ್ಲ?" ಎಂದು ಕೆಣಕಿದರೆ, "ಅದು ಹುಡುಗರಿಗೆ ಹೇಳಿದ್ದು. ನಂಗೆ ಮೇಲೆ ಕೂತು ಕಲಿಸೋಕೆ ಒಂದು ಕುರ್ಚಿ ಬೇಕಲ್ಲ" ಎಂದು ಎದೆಯ ಬೆಂಡನ್ನು ಟಕಟಕ ಬಡಿಯುತ್ತಿದ್ದರು. ಸುದ್ದಿ ಹಬ್ಬಿ, ಮಂಡಿ ನೋವಿನವರು, ಕೈ ಸೋತವರು, ನೀರು ಕಂಡರೆ ಬೆವರುವವರು ಒಬ್ಬೊಬ್ಬರಾಗಿ ಬರತೊಡಗಿದರು. ಅತ್ತೆಯ ಹೊಲಿಗೆ ಯಂತ್ರಕ್ಕೆ ಬಿಡುವೇ ಇಲ್ಲ. ಕಾರ್ಖಾನೆಯಲ್ಲಿ ಹಂಡೆಯ ಕೆಲಸದವಳು ಚಿಂದಿಯಲ್ಲಿ ದಪ್ಪನೆಯ ಹಲಗೆ ಕಂಡರೆ ಸಾಕು, "ಇದು ನಮ್ಮ ಕಲ್ಲುಗುಂಡಿನ ಮಾವನಿಗೆ" ಎಂದು ಎತ್ತಿಡುತ್ತಿದ್ದಳು. ಎಡಗಾಲು ನೆಲದ ಮೇಲೂ ಮೊದಲಿಗಿಂತ ಕೊಂಚ ಮಾತು ಕೇಳುತ್ತಿದೆ ಎಂದು ಡಾಕ್ಟರಮ್ಮ ಹೇಳಿದರು. ಪೂರ್ತಿ ಕೇಳುತ್ತದೆ ಎಂದು ಅವರು ಹೇಳಲಿಲ್ಲ, ಮೇಷ್ಟ್ರು ಕೇಳಲೂ ಇಲ್ಲ.

ಬಿರಡೆ ಕೊಳದ ಈ ಗೋಡೆಯಿಂದ ಆ ಗೋಡೆಗೆ ಏನೂ ಕಟ್ಟಿಕೊಳ್ಳದೆ ಹೊರಟದ್ದು ಒಂದು ರಜೆಯ ಬೆಳಿಗ್ಗೆ. ಗಂಡ ದಡದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಜೊತೆಜೊತೆಗೇ ನಡೆಯುತ್ತಿದ್ದ. ಆ ತುದಿಯಲ್ಲಿ ಮೇಷ್ಟ್ರು ತಮ್ಮ ಅಂಗಿಯಲ್ಲಿ ತೇಲುತ್ತ, "ಕೈ ಉದ್ದ ಮಾಡು! ಬಟ್ಟೆ ಒಗೀಬೇಡ! ಉಸಿರು, ಉಸಿರು!" ಎಂದು ಕೂಗುತ್ತಿದ್ದರು. ಅರ್ಧ ದಾರಿಗೆ ಹೆದರಿಕೆ ಬಂತು, ಬಂದು ನೀರಿನ ಜೊತೆಗೇ ಹಿಂದಕ್ಕೆ ಹೋಯಿತು. ಬೆಂಡಿಲ್ಲದೆಯೂ ನೀರು ಕೆಳಗಿನಿಂದ ಒಂದು ಅಗಲವಾದ ಅಂಗೈಯ ಹಾಗೆ ಅವಳನ್ನು ಎತ್ತಿ ಹಿಡಿದಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ನಿಲ್ಲಬೇಕೆನ್ನುವುದೇ ಮರೆತುಹೋಯಿತು. ಹೋದ ರಭಸಕ್ಕೆ ನೇರವಾಗಿ ಮಾವನ ಎದೆಗೆ ಡಿಕ್ಕಿ ಹೊಡೆದಳು. ಇಬ್ಬರೂ ಬುಳಕ್ಕನೆ ಮುಳುಗಿದರು.

ಮೊದಲು ಮೇಲೆ ಚಿಮ್ಮಿದ್ದು ಮೇಷ್ಟ್ರು, ಆಮೇಲೆ ಅವಳು. ಇಬ್ಬರ ಬಾಯಲ್ಲೂ ನೀರು, ಇಬ್ಬರಿಗೂ ತಡೆಯಲಾರದ ನಗು.

"ನಾನು ಅವತ್ತೇ ಹೇಳ್ಲಿಲ್ವಾ?" ದಡದಿಂದ ಗಂಡ ಕೇಳಿದ. "ನಿಂತ್ಕೊಳ್ಳೋದು ಮೊದಲು ಕಲಿ ಅಂತ!"

"ಅವನ ಮಾತು ಬಿಡು" ಎಂದರು ಮೇಷ್ಟ್ರು, ಕಣ್ಣಿನ ನೀರು ಕೊಡವುತ್ತ. "ನಡಿ, ವಾಪಸ್ ಆ ಕಡೆಗೆ. ಈ ಸಲ ನಾನೂ ಬರ್ತೀನಿ."